ಹತ್ತು ಸಾಲು, ಸಾಲಿಗೆ ಹತ್ತು ಕಾಳು

ಸಂಪಾದಕರಿಗೆ ನಮಸ್ಕಾರಗಳು.

ಶಿಕ್ಷಕರ ದಿನಾಚರಣೆಯ ಅಂಗವಾಗಿ ಕಳೆದ ವಾರವೆಲ್ಲ ತಮ್ಮ ಪತ್ರಿಕೆಯಲ್ಲಿ ಬಂದ ಓದುಗರ ಬರಹಗಳನ್ನು ಒಂದೂ ಬಿಡದೆ ಓದಿದೆ. ತಮ್ಮನ್ನು ಈ ವೃತ್ತಿಯ ದಾರಿಗೆ ಹಚ್ಚಿದವರು ಯಾರು ಎಂದು ವೈದ್ಯರು, ವಕೀಲರು, ಎಂಜಿನಿಯರುಗಳು ನೆನೆದು ಬರೆದಿದ್ದರು. ಮನಸ್ಸು ತುಂಬಿ ಬಂತು. ನಾನೂ ನಾಲ್ಕು ಮಾತು ಬರೆಯೋಣವೆಂದು ಕಾಗದ ಹಿಡಿದು ಕುಳಿತರೆ, ಮೊದಲು ಕಣ್ಣಿಗೆ ಕಟ್ಟಿದ್ದು ನಮ್ಮ ದೊಡ್ಡಮ್ಮ ನಡುಮನೆಯಲ್ಲಿ ಕುಳಿತು ಒದ್ದೆ ಬಟ್ಟೆಯ ಮೇಲೆ ರಾಗಿ ಕಾಳು ಜೋಡಿಸುತ್ತಿದ್ದ ಚಿತ್ರ. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಆದರೂ ನಾನು ಮೂವತ್ತಾರು ವರ್ಷ ಸಂಬಳ ಪಡೆದು ಮಾಡಿದ ಕೆಲಸವನ್ನು ನನಗೆ ಮೊದಲು ತೋರಿಸಿದವರು ಅವರೇ. ಪತ್ರ ಉದ್ದವಾಯಿತೆಂದು ಬದಿಗಿಡಬೇಡಿ. ಇದರಲ್ಲಿ ಒಂದು ಕೋರಿಕೆಯೂ ಇದೆ.

ನಾನು ಸರ್ಕಾರಿ ಬೀಜ ಪರೀಕ್ಷಾ ಪ್ರಯೋಗಾಲಯದಲ್ಲಿ ಬೀಜ ವಿಶ್ಲೇಷಕಿಯಾಗಿದ್ದೆ. 1987ರಲ್ಲಿ ಕೆಲಸಕ್ಕೆ ಸೇರಿ 2023ರಲ್ಲಿ ನಿವೃತ್ತಳಾದೆ. ಈ ಕೆಲಸ ಏನೆಂದು ಬಹಳ ಜನಕ್ಕೆ ಗೊತ್ತಿಲ್ಲ. ರೈತರು ಬಿತ್ತನೆಗೆಂದು ಕೊಳ್ಳುವ ಬೀಜದ ಚೀಲಗಳಿಂದ ಒಂದಷ್ಟು ಮಾದರಿ ತೆಗೆದು ನಮ್ಮಲ್ಲಿಗೆ ಕಳುಹಿಸುತ್ತಾರೆ. ಅದರಲ್ಲಿ ಕಸಕಡ್ಡಿ ಎಷ್ಟು, ಬೇರೆ ಬೆಳೆಯ ಕಾಳು ಎಷ್ಟು, ತೇವ ಎಷ್ಟು, ನೂರಕ್ಕೆ ಎಷ್ಟು ಮೊಳೆಯುತ್ತದೆ ಎಂದು ನೋಡಿ ವರದಿ ಕೊಡುವುದು ನಮ್ಮ ಕೆಲಸ. ರಾಗಿಯಾದರೆ ನೂರಕ್ಕೆ ಕನಿಷ್ಠ 75 ಮೊಳೆಯಬೇಕು, ತೂಕದಲ್ಲಿ ಶೇ 97ರಷ್ಟು ಶುದ್ಧವಾಗಿರಬೇಕು, ತೇವಾಂಶ ಶೇ 12 ಮೀರಬಾರದು. ಇಷ್ಟು ಇದ್ದರೆ ಮಾತ್ರ ಆ ಚೀಲಕ್ಕೆ ಪ್ರಮಾಣಿತ ಬೀಜದ ನೀಲಿ ಚೀಟಿ. ಹೊರಗಿನಿಂದ ನೋಡಿದವರಿಗೆ ಇದು ಕಾಳು ಎಣಿಸುವ ಕೆಲಸ. ಎಣಿಸುವ ಕೆಲಸವೇ ಹೌದು. ಆ ಎಣಿಕೆ ತಪ್ಪಿದರೆ ಒಂದು ಮನೆಯ ಒಂದು ವರ್ಷ ತಪ್ಪುತ್ತದೆ ಎನ್ನುವುದನ್ನು ನಾನು ಹದಿಮೂರನೆಯ ವಯಸ್ಸಿನಲ್ಲಿ ಕಣ್ಣಾರೆ ಕಂಡಿದ್ದೇನೆ. ಅದನ್ನು ಮುಂದೆ ಹೇಳುತ್ತೇನೆ.

ನಮ್ಮೂರು ಮಂಡ್ಯ ತಾಲ್ಲೂಕಿನದು, ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿದೆ. ನಮ್ಮ ತಾತನ ಕಾಲದಲ್ಲಿ ಅದನ್ನು ಇರ್ವಿನ್ ನಾಲೆ ಎನ್ನುತ್ತಿದ್ದರಂತೆ. ಕೃಷ್ಣರಾಜಸಾಗರದ ನೀರು ಹುಲಿಕೆರೆಯ ಸುರಂಗ ದಾಟಿ ಇತ್ತ ಹರಿದ ಮೇಲೆ ತಗ್ಗಿನ ಗದ್ದೆಗಳೆಲ್ಲ ಭತ್ತಕ್ಕೆ, ಕಬ್ಬಿಗೆ ತಿರುಗಿದವು. ರಾಗಿ ದಿಣ್ಣೆಯ ಮೇಲಿನ ಖುಷ್ಕಿ ಹೊಲಕ್ಕೆ ಹತ್ತಿತು. ಹಾಗೆಂದು ರಾಗಿಯನ್ನು ಯಾರೂ ಬಿಡಲಿಲ್ಲ. ಭತ್ತ, ಕಬ್ಬು ಮಾರುವುದಕ್ಕೆ, ರಾಗಿ ಮನೆಗೆ. ಮಧ್ಯಾಹ್ನಕ್ಕೊಂದು ಮುದ್ದೆ, ರಾತ್ರಿಗೊಂದು ಮುದ್ದೆ ಬೀಳದಿದ್ದರೆ ನಮ್ಮ ಕಡೆ ಊಟ ಮಾಡಿದ ಲೆಕ್ಕವೇ ಅಲ್ಲ. ಆ ನಾಲೆಯ ಹೆಸರನ್ನೇ ಹೊತ್ತ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕ್ಷೇತ್ರ ನಮ್ಮೂರಿಂದ ಗದ್ದೆ ಬದುವಿನ ಮೇಲೆ ನಡೆದು ಹೋಗುವಷ್ಟು ದೂರ. ಊರಿನ ಎಷ್ಟೋ ಹೆಂಗಸರು ಬೆಳಗಿನ ಮುದ್ದೆಯನ್ನು ಬುತ್ತಿ ಕಟ್ಟಿಕೊಂಡು ಅಲ್ಲಿಗೆ ಕೂಲಿಗೆ ಹೋಗುತ್ತಿದ್ದರು. ನಮ್ಮ ದೊಡ್ಡಮ್ಮನೂ ಅವರಲ್ಲೊಬ್ಬರು. ದೊಡ್ಡಪ್ಪ ತೀರಿಕೊಂಡಾಗ ಅವರಿಗೆ ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು. ಮಕ್ಕಳಿರಲಿಲ್ಲ. ಯಾರ ಹಂಗೂ ಬೇಡವೆಂದು ಫಾರಂ ಕೆಲಸ ಹಿಡಿದವರು ಮೊಣಕಾಲು ನೋವು ಬಂದು ಕೂರುವವರೆಗೂ ಬಿಡಲಿಲ್ಲ.

ಬೇಸಿಗೆ ರಜೆಯಲ್ಲಿ ನಾನು ಅವರ ಸೆರಗು ಹಿಡಿದು ಹೋಗುತ್ತಿದ್ದೆ. ಸಣ್ಣ ಸಣ್ಣ ತಾಕುಗಳು, ತಾಕಿಗೊಂದು ಗೂಟ, ಗೂಟಕ್ಕೊಂದು ನಂಬರು. ಹೊರಗೆ ಹೊಲಗಳಲ್ಲಿ ರಾಗಿಯೆಂದರೆ ಒಂದೇ ರಾಗಿ. ಇಲ್ಲಿ ನೋಡಿದರೆ ಒಂದು ತಾಕಿನ ತೆನೆ ಮುಷ್ಟಿ ಬಿಗಿಹಿಡಿದಂತೆ, ಪಕ್ಕದ ತಾಕಿನದು ಬೆರಳು ಚಾಚಿದಂತೆ, ಇನ್ನೊಂದರ ದಂಟು ನನ್ನ ಹೆಬ್ಬೆರಳಿನಷ್ಟು ದಪ್ಪ. ಅದು ಆಫ್ರಿಕದ ರಾಗಿ ಎಂದು ದೊಡ್ಡಮ್ಮ ಹೇಳಿದ್ದರು. ಆಫ್ರಿಕ ಎಲ್ಲಿದೆಯೆಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಮಳವಳ್ಳಿಯಿಂದಾಚೆ ಎಲ್ಲೋ ಇರಬೇಕೆಂದು ನಾನು ತಿಳಿದಿದ್ದೆ.

ಅವರು ಮಾಡುತ್ತಿದ್ದ ಕೆಲಸ ಇದು. ಆಗತಾನೇ ಹೊರಬರುತ್ತಿರುವ ಎರಡು ತಳಿಗಳ ತೆನೆಗಳನ್ನು ಹತ್ತಿರಕ್ಕೆ ತಂದು, ಎಸಳಿಗೆ ಎಸಳು ಹೆಣೆದುಕೊಳ್ಳುವ ಹಾಗೆ ದಾರದಿಂದ ಕಟ್ಟಿ, ಮೇಲೆ ಕಾಗದದ ಚೀಲ ಹಾಕಿ ಕಟ್ಟುವುದು. ದಾರ ಬಿಗಿಯಾದರೆ ತೆನೆ ನಲುಗುತ್ತದೆ, ಸಡಿಲವಾದರೆ ಗಾಳಿಗೆ ಬೇರೆಯಾಗುತ್ತದೆ. ಒಂದು ಗಿಡ ಎತ್ತರ, ಒಂದು ಗಿಡ ಗಿಡ್ಡ ಇದ್ದರೆ ಬಿದಿರುಕಡ್ಡಿ ಊರಿ ಸಮ ಮಾಡಿಕೊಳ್ಳಬೇಕು. ಯಾಕೆ ಹೀಗೆ ಕಟ್ಟುತ್ತಾರೆಂದು ನನಗೆ ತಿಳಿದದ್ದು ಕಾಲೇಜಿನಲ್ಲಿ. ರಾಗಿಯ ಹೂವು ಕಣ್ಣಿಗೆ ಕಾಣಿಸುವುದೇ ಕಷ್ಟ, ಅಷ್ಟು ಚಿಕ್ಕದು. ಅದು ಅರಳುವುದು ನಡುರಾತ್ರಿ ಕಳೆದು ಬೆಳಕು ಹರಿಯುವುದರೊಳಗೆ. ಅರಳುತ್ತಲೇ ತನ್ನ ಪರಾಗವನ್ನು ತಾನೇ ತೆಗೆದುಕೊಂಡು ಬಾಗಿಲು ಹಾಕಿಕೊಳ್ಳುತ್ತದೆ. ಭತ್ತದ ಹಾಗೆ ಹೂವಿನ ಬಾಯಿ ಬಿಡಿಸಿ ಕೇಸರ ತೆಗೆದು ಸಂಕರ ಮಾಡುವುದು, ಎಂದರೆ ಎರಡು ತಳಿ ಕೂಡಿಸುವುದು, ರಾಗಿಯಲ್ಲಿ ಬಲು ಪ್ರಯಾಸ. ಅದಕ್ಕೇ ತೆನೆಗೆ ತೆನೆ ತಾಗಿಸಿ ಕಟ್ಟಿ, ರಾತ್ರಿ ಅವುಗಳ ಪಾಡಿಗೆ ಅವನ್ನು ಬಿಟ್ಟು ಬರುವ ಉಪಾಯ. ನೂರಾರು ಹೂಗಳಲ್ಲಿ ಎಲ್ಲೋ ಒಂದೆರಡಕ್ಕೆ ಪಕ್ಕದ ತೆನೆಯ ಪರಾಗ ತಾಗುತ್ತದೆ.

ಹಾಗಾದರೆ ಆ ಒಂದೆರಡನ್ನು ಹುಡುಕುವುದು ಹೇಗೆ? ಕಾಳು ನೋಡಿದರೆ ತಿಳಿಯುವುದಿಲ್ಲ. ಇಲ್ಲಿಯೇ ನನ್ನ ಬದುಕು ತಿರುಗಿದ್ದು. ನನಗೆ ಹತ್ತು ವರ್ಷ. ಪಾತಿಯಲ್ಲಿ ರಾಗಿ ಪೈರು ಗೇಣುದ್ದ ಬಂದಿತ್ತು. ದೊಡ್ಡಮ್ಮ ಕುಕ್ಕರುಗಾಲಲ್ಲಿ ಕುಳಿತು ಒಂದೊಂದೇ ಪೈರನ್ನು ಎರಡು ಬೆರಳಲ್ಲಿ ಸರಿಸಿ ಬುಡ ನೋಡುತ್ತಾ ಮುಂದೆ ಸಾಗುತ್ತಿದ್ದರು. ಹಸಿರು, ಹಸಿರು, ಹಸಿರು. ಇದ್ದಕ್ಕಿದ್ದಂತೆ ಕೈ ನಿಂತಿತು. “ಬಾ ಕೂಸೇ, ನೋಡು” ಎಂದರು. ಬಗ್ಗಿ ನೋಡಿದೆ. ಗಿಣ್ಣಿನ ಸುತ್ತ ನೇರಳೆ ಹಣ್ಣು ತಿಂದ ನಾಲಿಗೆಯ ಹಾಗೆ ಒಂದು ಬಣ್ಣ, ಉಗುರಿನಷ್ಟು ಅಗಲ ಕೂಡ ಇಲ್ಲ. “ತಾಯಿ ಹಸಿರು. ಇದಕ್ಕೆ ಅಪ್ಪನ ಬಣ್ಣ ಬಂದಿದೆ. ಇದು ಕೂಡಿದ ಪೈರು” ಎಂದು ಹೇಳಿ ಅದರ ಪಕ್ಕ ಒಂದು ಕಡ್ಡಿ ಚುಚ್ಚಿದರು. ಆ ದಿನ ಸಂಜೆಯವರೆಗೆ ಆ ಪಾತಿಯಲ್ಲಿ ಅಂಥ ನಾಲ್ಕೇ ಕಡ್ಡಿಗಳು. ಉಳಿದದ್ದೆಲ್ಲ ತಾಯಿಯದೇ ಪಡಿಯಚ್ಚು.

ಹಸಿರು ಗಿಣ್ಣಿನ ತಳಿಯನ್ನು ತಾಯಿಯಾಗಿ, ನೇರಳೆ ಗಿಣ್ಣಿನದನ್ನು ತಂದೆಯಾಗಿ ಇಟ್ಟುಕೊಂಡರೆ, ತಾಯಿ ತೆನೆಯ ಕಾಳಿನಿಂದ ಹುಟ್ಟಿದ ನೇರಳೆ ಪೈರು ನಿಜವಾದ ಸಂಕರದ್ದೇ ಆಗಿರಬೇಕು, ಯಾಕೆಂದರೆ ಆ ಬಣ್ಣ ತಾಯಿಯಲ್ಲಿಲ್ಲ. ಇದನ್ನೇ ಎಂಟು ವರ್ಷಗಳ ನಂತರ ಪ್ರಾಧ್ಯಾಪಕರು ಕಪ್ಪುಹಲಗೆಯ ಮೇಲೆ ಬರೆದು ವಿವರಿಸುತ್ತಿದ್ದಾಗ ನನ್ನ ಕಣ್ಣು ತುಂಬಿ ಬಂದಿತ್ತು. ಪಕ್ಕದಲ್ಲಿ ಕುಳಿತಿದ್ದ ಗೆಳತಿ ಗಾಬರಿಯಾದಳು. ಈ ಪಾಠವನ್ನು ನಾನು ನಾಲ್ಕನೆಯ ತರಗತಿಯಲ್ಲಿರುವಾಗಲೇ ಕಲಿತಿದ್ದೆ, ಒಂದು ಮಾತು ಹೆಚ್ಚುಕಡಿಮೆ ಇಲ್ಲದಂತೆ ಕಲಿತಿದ್ದೆ ಎಂದು ಅವಳಿಗೆ ಹೇಗೆ ಹೇಳಲಿ?

ವಿ.ಸಿ. ಫಾರಂನ ಈ ರಾಗಿ ಕೆಲಸದ ಹಿಂದೆ ಇದ್ದವರು ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು. ‘ರಾಗಿ ಲಕ್ಷ್ಮಣಯ್ಯ’ ಎಂದರೆ ಹಳೇ ಮೈಸೂರಿನ ರೈತರಿಗೆ ಈಗಲೂ ಗೊತ್ತು. ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಎಂಬ ತಳಿಗಳನ್ನು ಕೊಟ್ಟವರು ಅವರು. ಅಲ್ಲಿಗೇ ನಿಲ್ಲದೆ ಆಫ್ರಿಕದ ರಾಗಿಯನ್ನು ನಮ್ಮ ರಾಗಿಯೊಂದಿಗೆ ಕೂಡಿಸಿದರು. ಇಂಡಿಯಾದ ‘ಇಂಡ್’, ಆಫ್ರಿಕದ ‘ಆಫ್’ ಸೇರಿ ‘ಇಂಡಾಫ್’ ಎಂಬ ಹೆಸರಾಯಿತು. ರಾಗಿಯ ಮೂಲ ಮನೆ ಪೂರ್ವ ಆಫ್ರಿಕದ ಎತ್ತರದ ನೆಲ. ಅಲ್ಲಿಂದ ಸಾವಿರಾರು ವರ್ಷಗಳ ಹಿಂದೆ ನಮ್ಮಲ್ಲಿಗೆ ಬಂದ ಬೆಳೆ ಅದು. ಹಾಗೆ ನೋಡಿದರೆ ಮಂಡ್ಯದ ತಾಕಿನಲ್ಲಿ ದಾರ ಕಟ್ಟಿಸಿಕೊಂಡು ನಿಂತಿದ್ದವು ಬಹು ಕಾಲದ ಹಿಂದೆ ಅಗಲಿದ ದಾಯಾದಿಗಳು. ಅಲ್ಲಿನ ತೆನೆಯ ತೂಕ, ದಂಟಿನ ಕಸುವು. ಇಲ್ಲಿನ ಮಳೆಗೆ, ಇಲ್ಲಿನ ಮಣ್ಣಿಗೆ ಒಗ್ಗಿದ ಗುಣ. ಎರಡೂ ಒಂದರಲ್ಲೇ ಬಂದಾಗ ನಮ್ಮ ಮನೆಯ ಕಣದಲ್ಲಿ ರಾಗಿಯ ರಾಶಿ ದೊಡ್ಡದಾದದ್ದನ್ನು ನಾನು ಕಂಡಿದ್ದೇನೆ. ಇಂಡಾಫ್ ತಳಿಗಳು ಬೆಂಕಿ ರೋಗಕ್ಕೆ ತುತ್ತಾಗುತ್ತಿದ್ದವು ಎನ್ನುವುದೂ ನಿಜ. ಆ ರೋಗ ತಡೆದುಕೊಳ್ಳುವ ಜಿಪಿಯು-28 ಎಂಬ ತಳಿ ಬೆಂಗಳೂರಿನಿಂದ ಬಂದ ಮೇಲೆ ರೈತರು ಅದರತ್ತ ಹೊರಳಿದರು. ಒಂದು ತಳಿ ಇನ್ನೊಂದಕ್ಕೆ ಜಾಗ ಬಿಟ್ಟುಕೊಡುವುದು ಈ ವೃತ್ತಿಯಲ್ಲಿ ಸಹಜ. ಆದರೆ ಒಂದು ತಲೆಮಾರಿನ ಹೊಟ್ಟೆ ತುಂಬಿಸಿದ ರಾಗಿಯ ಋಣ ಹಾಗೆ ತೀರುವುದಿಲ್ಲ. ಲಕ್ಷ್ಮಣಯ್ಯನವರ ಮುಂದೆ ನಿಂತು ಮಾತನಾಡುವ ಭಾಗ್ಯ ನನಗೆ ಸಿಗಲಿಲ್ಲ. ಅವರ ತಳಿಗಳ ಬೀಜ ಮಾತ್ರ ನನ್ನ ಮೇಜಿನ ಮೇಲೆ ಎಷ್ಟು ಸಲ ಬಂದಿತೋ! ಬಂದಾಗಲೆಲ್ಲ ಮನಸ್ಸಿನಲ್ಲೇ ಕೈ ಮುಗಿದಿದ್ದೇನೆ.

ಈಗ ಒದ್ದೆ ಬಟ್ಟೆಯ ವಿಷಯ. ದೊಡ್ಡಮ್ಮ ಬಿತ್ತನೆಗೆ ವಾರ ಮೊದಲು ಹಳೆಯ ಪಂಚೆಯ ತುಂಡೊಂದನ್ನು ನೆನೆಸಿ ಹಿಂಡಿ, ಮೊರದಲ್ಲಿ ಹಾಸಿ, ಅದರ ಮೇಲೆ ರಾಗಿ ಕಾಳು ಜೋಡಿಸುತ್ತಿದ್ದರು. ಅವರಿಗೆ ಎಣಿಕೆ ಹತ್ತರವರೆಗೆ ಮಾತ್ರ ಬರುತ್ತಿತ್ತು. ಅದಕ್ಕೇ ಸಾಲಿಗೆ ಹತ್ತು, ಅಂಥ ಸಾಲು ಹತ್ತು. ಕಾಳಿಗೆ ಕಾಳು ತಾಗಬಾರದು. ಬೆರಳ ತುದಿಯನ್ನು ನಾಲಿಗೆಗೆ ಮುಟ್ಟಿಸಿ ಒಂದೊಂದೇ ಕಾಳನ್ನು ಎತ್ತಿ ಇಡುವುದು. ಆಮೇಲೆ ಬಟ್ಟೆಯ ಇನ್ನರ್ಧ ಮೇಲೆ ಮಡಿಸಿ, ಬೆಳಗ್ಗೆ ಸಂಜೆ ನೀರು ಚಿಮುಕಿಸಿ, ಒಲೆಯ ಹಿಂದಿನ ಬೆಚ್ಚನೆಯ ಮೂಲೆಯಲ್ಲಿ ಇಡುತ್ತಿದ್ದರು. ಮೂರನೆಯ ದಿನಕ್ಕೆ ಬಿಳಿಯ ಮೊಳಕೆ. ಸಾಲಿನಲ್ಲಿ ಸತ್ತ ಕಾಳಿಗೆ ಒಂದರಂತೆ ಹುಣಸೆ ಬೀಜ ಪಕ್ಕಕ್ಕೆ ಇಟ್ಟು ಲೆಕ್ಕ ಹಾಕುತ್ತಿದ್ದರು. ಹುಣಸೆ ಬೀಜ ಎರಡು ಹಿಡಿಗೆ ಮೀರಿದರೆ, ಆ ಬಿತ್ತನೆ ಬೇಡ, ಮುದ್ದೆಗೆ ಹಾಕಿ ಎನ್ನುವುದು ಅವರ ತೀರ್ಪು.

1976ರಲ್ಲಿ ನಮ್ಮಪ್ಪ ಪೇಟೆಯಿಂದ ಹೊಸ ತಳಿಯೆಂದು ರಾಗಿ ಬೀಜ ತಂದರು. ಚೀಲಕ್ಕೆ ಚೀಟಿ ಇರಲಿಲ್ಲ, ವ್ಯಾಪಾರಿಯ ಮಾತೇ ಚೀಟಿ. ದೊಡ್ಡಮ್ಮ ತಮ್ಮ ಅಭ್ಯಾಸದಂತೆ ನೂರು ಕಾಳು ಬಟ್ಟೆಗೆ ಹಾಕಿದರು. ಮೊಳೆತದ್ದು ನಲವತ್ತೊಂದು. ಎಣಿಸಿದವಳು ನಾನೇ, ಎರಡು ಸಲ. “ತಮ್ಮಯ್ಯ, ಈ ಬೀಜ ನಂಬಬೇಡ” ಎಂದು ದೊಡ್ಡಮ್ಮ ಹೇಳಿದರು. ಅಪ್ಪ ಕೇಳಲಿಲ್ಲ. “ಬಟ್ಟೆಯಲ್ಲಿ ಬರದಿದ್ದರೆ ಮಣ್ಣಲ್ಲಿ ಬರುತ್ತದೆ, ಸುಮ್ಮನಿರಿ ಅತ್ತಿಗೆ” ಎಂದು ಪೈರಿನ ಒಟ್ಲು ಹಾಕಿಯೇ ಬಿಟ್ಟರು. ಎಂಟು ದಿನಕ್ಕೆ ಪಾತಿ ನೋಡಿದರೆ ಹುಳು ತಿಂದ ಕಂಬಳಿಯಂತೆ ಅಲ್ಲಲ್ಲಿ ಬೋಳು. ಮತ್ತೆ ಒಟ್ಲು ಹಾಕಲು ಹೊತ್ತು ಮೀರಿತ್ತು, ಮಳೆ ಹದ ಕಳೆಯುತ್ತಿತ್ತು. ಅಪ್ಪ ಊರಲ್ಲಿ ಮನೆಮನೆಗೆ ಹೋಗಿ ಮಿಕ್ಕ ಪೈರು ಬೇಡಿ ತಂದು ಅರ್ಧ ಹೊಲ ನಾಟಿ ಮಾಡಿದರು. ಇನ್ನರ್ಧಕ್ಕೆ ಹುರುಳಿ ಚೆಲ್ಲಿದರು. ಆ ವರ್ಷ ಯುಗಾದಿ ಹೊತ್ತಿಗೆ ಮನೆಯ ರಾಗಿ ಮುಗಿಯಿತು. ನಮ್ಮಪ್ಪ ಇನ್ನೊಬ್ಬರ ಬಾಗಿಲಲ್ಲಿ ಪೈರು ಕೇಳುತ್ತಾ ನಿಂತದ್ದನ್ನು, ತಲೆಯ ಟವೆಲನ್ನು ಕೈಯಲ್ಲಿ ಹಿಡಿದು ಹಿಂಡುತ್ತಿದ್ದುದನ್ನು ನಾನು ಇವತ್ತಿಗೂ ಮರೆತಿಲ್ಲ. ದೊಡ್ಡಮ್ಮ ಒಂದು ದಿನವೂ ‘ನಾನು ಹೇಳಿರಲಿಲ್ಲವೇ’ ಎನ್ನಲಿಲ್ಲ. ಮರು ವರ್ಷ ಅಪ್ಪ ತಾವಾಗಿಯೇ ಬೀಜದ ಗಂಟನ್ನು ತಂದು ಅತ್ತಿಗೆಯ ಮುಂದೆ ಇಟ್ಟರು.

ಬೀಜದ ಕಾಯಿದೆ ಬಂದದ್ದು 1966ರಲ್ಲಿ. ಅಂದರೆ ನಮ್ಮಪ್ಪ ಆ ಚೀಲ ಕೊಂಡಾಗ ಕಾಯಿದೆಗೆ ಹತ್ತು ವರ್ಷವಾಗಿತ್ತು. ಅದು ಕಾಗದದಲ್ಲಿತ್ತು, ನಮ್ಮೂರಿಗೆ ಬಂದಿರಲಿಲ್ಲ. ಅದನ್ನು ಊರಿಗೆ ತರುವ ಕೆಲಸವೊಂದಿದೆ, ಅದನ್ನು ಓದಿ ಮಾಡಬಹುದು ಎಂದು ನನಗೆ ಹೇಳಿಕೊಟ್ಟವರು ಪ್ರೌಢಶಾಲೆಯ ವಿಜ್ಞಾನದ ಮೇಷ್ಟ್ರು. ಶಿಕ್ಷಕರ ದಿನದಂದು ಅವರನ್ನು ನೆನೆಯದಿದ್ದರೆ ನನ್ನ ಅನ್ನ ಅರಗುವುದಿಲ್ಲ. ಮೊಳಕೆಯ ಪಾಠದ ದಿನ ಅವರು ತರಗತಿಗೆ ನೆನೆಸಿದ ಅವರೆಕಾಳು ತಂದಿದ್ದರು. ನಾನು ಎದ್ದು ನಿಂತು, ನಮ್ಮ ದೊಡ್ಡಮ್ಮ ರಾಗಿಯಲ್ಲಿ ಹೀಗೆ ಮಾಡುತ್ತಾರೆ, ನೂರಕ್ಕೆ ನಲವತ್ತೊಂದು ಬಂತು ಎಂದೆ. ಬೇರೆ ಮೇಷ್ಟ್ರಾಗಿದ್ದರೆ ಕೂರಲು ಹೇಳುತ್ತಿದ್ದರೇನೋ. ಇವರು ಸೀಮೆಸುಣ್ಣ ಕೆಳಗಿಟ್ಟು, ಬಟ್ಟೆ ಯಾವುದು, ನೀರೆಷ್ಟು, ಎಷ್ಟು ದಿನ ಎಂದೆಲ್ಲ ಕೇಳಿದರು. ಕೊನೆಗೆ, “ನಿಮ್ಮ ದೊಡ್ಡಮ್ಮ ಮಾಡುವುದಕ್ಕೆ ಬೀಜ ಪರೀಕ್ಷೆ ಎನ್ನುತ್ತಾರೆ. ಅದಕ್ಕೆಂದೇ ಪ್ರಯೋಗಾಲಯಗಳಿವೆ, ಅಲ್ಲಿ ಕೆಲಸ ಮಾಡುವವರು ಕೃಷಿ ಪದವಿ ಓದಿರುತ್ತಾರೆ” ಎಂದರು. ತಮ್ಮ ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟು ಮನೆಗೆ ಒಯ್ಯಲು ಬಿಟ್ಟರು. ಆ ರಾತ್ರಿ ಚಿಮಣಿ ದೀಪದ ಬೆಳಕಿನಲ್ಲಿ ನಾನೂ ದೊಡ್ಡಮ್ಮನೂ ಅದರೊಳಗಿಂದ ರಾಗಿ ಕಾಳು ನೋಡಿದೆವು. ನುಣುಪೆಂದು ತಿಳಿದಿದ್ದ ಕಾಳಿನ ಮೈಯೆಲ್ಲ ತರಿತರಿ. ದೊಡ್ಡಮ್ಮ ಬಹಳ ಹೊತ್ತು ಆ ಗಾಜನ್ನು ಕೆಳಗಿಡಲಿಲ್ಲ.

ಮಂಡ್ಯದಲ್ಲಿ ಕೃಷಿ ಕಾಲೇಜು ಶುರುವಾದದ್ದು 1991ರಲ್ಲಿ. ನಮ್ಮ ಕಾಲಕ್ಕೆ ಬೆಂಗಳೂರಿಗೇ ಹೋಗಬೇಕಿತ್ತು. ಹೆಣ್ಣು ಮಗಳನ್ನು ಅಷ್ಟು ದೂರ ಕಳಿಸಿ ಹೊಲದ ಕೆಲಸ ಓದಿಸುವುದೇ ಎಂದು ನೆಂಟರು ಆಡಿಕೊಂಡರು. ಮೇಷ್ಟ್ರು ಭಾನುವಾರ ಸೈಕಲ್ ತುಳಿದು ನಮ್ಮೂರಿಗೆ ಬಂದು ಜಗುಲಿಯ ಮೇಲೆ ಕುಳಿತು ಅಪ್ಪನನ್ನು ಒಪ್ಪಿಸಿದರು. ಅರ್ಜಿ ತುಂಬಿದವರೂ ಅವರೇ. ದೊಡ್ಡಮ್ಮ ಫಾರಂ ಕೂಲಿಯಲ್ಲಿ ಉಳಿಸಿ ಮಡಕೆಯಲ್ಲಿ ಇಟ್ಟಿದ್ದ ಹಣದಿಂದ ನನಗೆ ಒಂದು ಕಬ್ಬಿಣದ ಟ್ರಂಕು, ಎರಡು ಸೀರೆ ಬಂದವು. ಆ ಟ್ರಂಕು ಈಗಲೂ ಮನೆಯಲ್ಲಿದೆ.

ಕಾಲೇಜಿನ ದಿನಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಒಳ್ಳೆಯ ಗುರುಗಳಿದ್ದರು, ಓದಿದೆ. ಕೆಲಸಕ್ಕೆ ಸೇರಿದ ಮೇಲೆ ಪ್ರಯೋಗಾಲಯದಲ್ಲಿ ನನ್ನನ್ನು ತಿದ್ದಿದವರು ಅಲ್ಲಿನ ಹಿರಿಯ ಸಹಾಯಕರೊಬ್ಬರು. ಹುದ್ದೆಯಲ್ಲಿ ನನಗಿಂತ ಕೆಳಗಿನವರು, ಕೆಲಸದಲ್ಲಿ ನನ್ನ ಗುರು. ನಿಯಮದಂತೆ ನಾನೂರು ಬೀಜ, ನೂರರ ನಾಲ್ಕು ತಂಡ. ಒದ್ದೆ ಕಾಗದದ ಮೇಲೆ ಹಾಕಿ ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟು, ರಾಗಿಯಾದರೆ ನಾಲ್ಕನೆಯ ದಿನ ಒಮ್ಮೆ, ಎಂಟನೆಯ ದಿನ ಕೊನೆಯದಾಗಿ ಎಣಿಸಬೇಕು. ಬರೀ ಮೊಳಕೆ ಬಂದರೆ ಸಾಲದು, ಬೇರು ಸರಿಯಿದೆಯೇ, ಚಿಗುರು ಸೊಟ್ಟಗಿದೆಯೇ, ಇದು ಮಣ್ಣಲ್ಲಿ ಗಿಡವಾಗಿ ನಿಲ್ಲುತ್ತದೆಯೇ ಎಂದು ಒಂದೊಂದನ್ನೂ ನೋಡಬೇಕು. ಅನುಮಾನ ಬಂದ ಸಸಿಯನ್ನು ಇಕ್ಕಳದಲ್ಲಿ ಎತ್ತಿ ಬೆಳಕಿಗೆ ಹಿಡಿದು ಅವರು ಕೇಳುತ್ತಿದ್ದರು: “ಮೇಡಂ, ಇದನ್ನು ನಿಮ್ಮ ಹೊಲಕ್ಕೆ ಹಾಕುತ್ತೀರಾ?” ನಾನು ತಡವರಿಸಿದರೆ ಅದು ಅಸಹಜ ಸಸಿಗಳ ಲೆಕ್ಕಕ್ಕೆ. ಮಾದರಿಗಳು ನಮಗೆ ಬರುವುದು ಬರೀ ಸಂಖ್ಯೆಯಾಗಿ. ಯಾವ ರೈತನದು, ಯಾವ ಅಂಗಡಿಯದು ಎಂದು ತಿಳಿಯುವುದಿಲ್ಲ. ಆದರೂ ತಿಳಿದುಕೊಂಡು ಬರುವವರು ಇರುತ್ತಾರೆ. ಒಮ್ಮೆ ಒಬ್ಬರು ನಮ್ಮ ಮನೆಯ ಬಾಗಿಲಿಗೇ ಬಂದು, ಶೇ 68 ಬಂದ ಮಾದರಿಯನ್ನು 75 ಎಂದು ಬರೆದರೆ ಯಾರಿಗೂ ನಷ್ಟವಿಲ್ಲ ಎಂದರು. ನನಗೆ ಆಗ ನೆನಪಾದದ್ದು ನಿಯಮಾವಳಿ ಅಲ್ಲ, ಅಪ್ಪನ ಕೈಯಲ್ಲಿ ಹಿಂಡಿಸಿಕೊಳ್ಳುತ್ತಿದ್ದ ಆ ಟವೆಲು. ಬಾಗಿಲು ಹಾಕಿದೆ. ವರದಿ 68 ಎಂದೇ ಹೋಯಿತು.

ದೊಡ್ಡಮ್ಮ ಒಂದೇ ಒಂದು ಸಲ ನನ್ನ ಪ್ರಯೋಗಾಲಯಕ್ಕೆ ಬಂದಿದ್ದರು. ಕಣ್ಣಿನ ಆಸ್ಪತ್ರೆಗೆಂದು ಕರೆತಂದಿದ್ದೆ, ಪೊರೆ ತೆಗೆಸಿ ಹತ್ತಿಪ್ಪತ್ತು ದಿನವಾಗಿತ್ತು. ಮೊಳಕೆ ಪೆಟ್ಟಿಗೆಯಿಂದ ಒಂದು ತಟ್ಟೆ ಹೊರತೆಗೆದು ಅವರ ಮುಂದೆ ಇಟ್ಟೆ. ರಾಗಿಯೇ ಇತ್ತು. ಎಲ್ಲರೂ ಎಣಿಕೆಗೆ ಅವರವರ ಅನುಕೂಲದಂತೆ ಕಾಳು ಜೋಡಿಸುತ್ತಾರೆ. ನಾನು ಮೂವತ್ತಾರು ವರ್ಷವೂ ಜೋಡಿಸಿದ್ದು ಸಾಲಿಗೆ ಹತ್ತು, ಸಾಲು ಹತ್ತು. ಹೊಸದಾಗಿ ದೃಷ್ಟಿ ಬಂದ ಕಣ್ಣಿನಿಂದ ಅವರು ಅದನ್ನು ನೋಡಿದರು. ತೋರುಬೆರಳನ್ನು ಕಾಗದಕ್ಕೆ ತಾಗಿಸದೆ ಮೇಲಿಂದ ಮೇಲೆಯೇ ಸಾಲು ಹಿಡಿದು ಹೋದರು. “ಇದರಲ್ಲಿ ಒಂದು ಸೋತಿದೆ. ಇದರಲ್ಲಿ ಇಲ್ಲ. ಇದರಲ್ಲಿ ಎರಡು.” ಹತ್ತೂ ಸಾಲು ಮುಗಿಸಿ, “ಬಿತ್ತಬಹುದು” ಎಂದರು. ನಾನು ನಮೂದಿಸಿದ್ದ ಲೆಕ್ಕಕ್ಕೂ ಅವರದಕ್ಕೂ ಒಂದೇ ಒಂದು ಕಾಳಿನ ವ್ಯತ್ಯಾಸ. ಮತ್ತೆ ನೋಡಿದೆ. ತಪ್ಪಿದ್ದವಳು ನಾನು. ಪುಸ್ತಕದಲ್ಲಿ ಅಂಕಿ ಹೊಡೆದು ತಿದ್ದಿ ಪಕ್ಕದಲ್ಲಿ ನನ್ನ ಸಹಿ ಹಾಕಿದೆ. ಅದು ಅವರ ಸಹಿ ಇರಬೇಕಾದ ಜಾಗ ಎಂದು ನನಗೆ ಆಗಲೇ ಅನ್ನಿಸಿತ್ತು.

ಸಂಪಾದಕರೇ, ಕೋರಿಕೆ ಇರುವುದು ಇಲ್ಲಿ. ನಾನು ನಿವೃತ್ತಳಾದ 2023ನೆಯ ವರ್ಷವನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಘೋಷಿಸಿತ್ತು. ಆ ವರ್ಷ ನಾನು ಅನೇಕ ಸಭೆಗಳಿಗೆ ಹೋದೆ. ವಿಜ್ಞಾನಿಗಳಿಗೆ ಹಾರ ಹಾಕಿದರು, ರೈತರಿಗೆ ಶಾಲು ಹೊದಿಸಿದರು, ಅವರೆಲ್ಲ ಅದಕ್ಕೆ ಅರ್ಹರು. ಆದರೆ ತೆನೆಗೆ ತೆನೆ ಕಟ್ಟಿದ, ಪಾತಿಯಲ್ಲಿ ಕುಕ್ಕರುಗಾಲಲ್ಲಿ ಕುಳಿತು ನೇರಳೆ ಗಿಣ್ಣು ಹುಡುಕಿದ ಹೆಂಗಸರನ್ನು ಯಾವ ವೇದಿಕೆಗೂ ಕರೆದದ್ದನ್ನು ನಾನು ಕಾಣಲಿಲ್ಲ. ತಳಿಗೆ ಹೆಸರಿದೆ, ತಳಿ ತೆಗೆದವರಿಗೆ ಹೆಸರಿದೆ, ತಾಕಿಗೆ ಕೂಡ ನಂಬರಿದೆ. ಇವರಿಗೆ? ಇವರ ಹೆಸರು ಒಂದೇ ಕಡೆ ಬರೆದಿರುತ್ತಿತ್ತು: ಕೂಲಿಯ ಹಾಜರಿ ಪುಸ್ತಕದಲ್ಲಿ, ಪಕ್ಕದಲ್ಲಿ ಹೆಬ್ಬೆಟ್ಟಿನ ಗುರುತು. ದೊಡ್ಡಮ್ಮ ವಾರದ ಬಟವಾಡೆಯ ದಿನ ಮನೆಗೆ ಬಂದಾಗ ಅವರ ಎಡಗೈ ಹೆಬ್ಬೆಟ್ಟು ನೀಲಿಯಾಗಿರುತ್ತಿತ್ತು. ಸೀಗೆಪುಡಿ ಹಾಕಿ ಉಜ್ಜಿದರೂ ಮರುದಿನದ ಮುದ್ದೆ ಮುರಿಯುವಾಗ ಆ ನೀಲಿ ಕಾಣುತ್ತಿತ್ತು.

ಕೃಷಿ ಸಂಶೋಧನಾ ಕ್ಷೇತ್ರಗಳಲ್ಲಿ ಅಂಥ ಹಳೆಯ ಹಾಜರಿ ಪುಸ್ತಕಗಳು ಎಲ್ಲಿಯೇ ಉಳಿದಿದ್ದರೂ ಅವನ್ನು ಹಳೇ ಕಾಗದವೆಂದು ವಿಲೇವಾರಿ ಮಾಡದೆ ಕಾಪಾಡಬೇಕು. 1960 ಮತ್ತು 70ರ ದಶಕದಲ್ಲಿ ರಾಗಿ, ಭತ್ತ, ಕಬ್ಬಿನ ತಾಕುಗಳಲ್ಲಿ ದುಡಿದ ಹೆಂಗಸರು, ಗಂಡಸರು ಮಂಡ್ಯದ ಸುತ್ತಲಿನ ಊರುಗಳಲ್ಲಿ ಇನ್ನೂ ಕೆಲವರಿದ್ದಾರೆ. ಎಂಬತ್ತು ದಾಟಿದವರು. ಕೃಷಿ ಕಾಲೇಜಿನ ವಿದ್ಯಾರ್ಥಿಗಳು ಒಂದು ರಜೆಯಲ್ಲಿ ಅವರ ಮನೆಗಳಿಗೆ ಹೋಗಿ, ಯಾವ ಕೆಲಸ ಹೇಗೆ ಮಾಡುತ್ತಿದ್ದಿರಿ ಎಂದು ಕೇಳಿ ಬರೆದುಕೊಂಡರೆ ಸಾಕು. ದಾರ ಎಷ್ಟು ಬಿಗಿ ಇರಬೇಕು ಎಂಬುದು ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿಲ್ಲ. ಅದು ಆ ಬೆರಳುಗಳಿಗೆ ಮಾತ್ರ ಗೊತ್ತು. ಮುಂದೆ ಒಂದು ಹೊಸ ತಳಿ ಬಿಡುಗಡೆಯಾದಾಗ, ಅದರ ಬಗೆಗಿನ ಪ್ರಕಟಣೆಯಲ್ಲಿ ವಿಜ್ಞಾನಿಗಳ ಹೆಸರಿನ ಕೆಳಗೆ ತಾಕಿನಲ್ಲಿ ದುಡಿದವರ ಹೆಸರುಗಳನ್ನೂ ಒಂದು ಸಾಲಿನಲ್ಲಿ ಹಾಕುವ ಪದ್ಧತಿ ಬರಲಿ. ಮಂಡ್ಯದಿಂದಲೇ ಅದು ಶುರುವಾದರೆ ನಮ್ಮ ಜಿಲ್ಲೆಗೆ ಅದಕ್ಕಿಂತ ಹೆಮ್ಮೆ ಬೇರಿಲ್ಲ.

ಮೇಷ್ಟ್ರು ತೀರಿಕೊಂಡು ಹನ್ನೆರಡು ವರ್ಷವಾಯಿತು. ಅವರ ಭೂತಗನ್ನಡಿಯನ್ನು ನಾನು ವಾಪಸು ಕೊಡಲು ಹೋದಾಗಲೆಲ್ಲ “ಇರಲಿ, ನಿನ್ನ ಕೆಲಸ ಮುಗಿದ ಮೇಲೆ ಕೊಡು” ಎನ್ನುತ್ತಿದ್ದರು. ಈ ಜೂನ್‌ನಲ್ಲಿ ಅದನ್ನು ನಾವಿಬ್ಬರೂ ಇದ್ದ ಅದೇ ಶಾಲೆಯ ವಿಜ್ಞಾನದ ಕೋಣೆಗೆ ಕೊಟ್ಟು ಬಂದೆ. ಜೊತೆಗೆ ಒಂದು ಹಿಡಿ ರಾಗಿ, ಒಂದು ತುಂಡು ಬಿಳಿ ಬಟ್ಟೆ. ಎಂಟನೆಯ ತರಗತಿಯ ಮಕ್ಕಳು ಸಾಲಿಗೆ ಹತ್ತರಂತೆ ಕಾಳು ಜೋಡಿಸುವುದನ್ನು ನಿಂತು ನೋಡಿದೆ.

ಈ ಪತ್ರದ ಜೊತೆ ಬೇರೊಂದು ಹಾಳೆ ಇಟ್ಟಿದ್ದೇನೆ. ದೊಡ್ಡಮ್ಮನ ಜೊತೆ ಫಾರಂಗೆ ಹೋಗುತ್ತಿದ್ದ ನಮ್ಮೂರಿನ ಹನ್ನೊಂದು ಜನರ ಹೆಸರು ಅದರಲ್ಲಿದೆ. ನೆನಪಿದ್ದಷ್ಟು ನಾನು ಬರೆದೆ, ಮರೆತದ್ದನ್ನು ಊರಿನ ಹಿರಿಯರು ಹೇಳಿದರು. ಅವರ ಮನೆಯವರನ್ನು ಕೇಳದೆ ಆ ಹೆಸರುಗಳನ್ನು ಅಚ್ಚು ಹಾಕುವುದು ಸರಿಯಲ್ಲವೆಂದು ಪತ್ರದೊಳಗೆ ಸೇರಿಸಿಲ್ಲ. ನಾಲ್ಕು ಮನೆಗಳಿಂದ ಒಪ್ಪಿಗೆ ಬಂದಿದೆ. ಉಳಿದ ಮನೆಗಳಿಗೆ ಬರುವ ಭಾನುವಾರ ಹೋಗುತ್ತೇನೆ. ಎಲ್ಲರೂ ಒಪ್ಪಿದ ದಿನ ಮತ್ತೆ ಬರೆಯುತ್ತೇನೆ, ಆಗ ದಯವಿಟ್ಟು ಹನ್ನೊಂದನ್ನೂ ಹಾಕಿ. ಮೊದಲನೆಯದು ನಮ್ಮ ದೊಡ್ಡಮ್ಮನದು.

ಇಂತಿ ನಮಸ್ಕಾರಗಳೊಂದಿಗೆ,
ನಿವೃತ್ತ ಬೀಜ ವಿಶ್ಲೇಷಕಿ, ಮಂಡ್ಯ